ಬೆಟ್ಟ ಹತ್ತುವ ಗಾಡಿಯೂ ಪೇಟೆಯ ಪೈಪೋಟಿಯೂ

ಅಮಾವಾಸ್ಯೆಯ ಹಿಂದಿನ ದಿನ ಕೊಳ್ಳೇಗಾಲದ ಬಸ್ ನಿಲ್ದಾಣದ ಬಳಿ ಅರ್ಧ ಗಂಟೆ ನಿಂತರೆ ಸಾಕು, ಮೋಟಾರು ಗಾಡಿಗಳ ಒಂದು ಪ್ರದರ್ಶನವನ್ನೇ ನೋಡಿದಂತಾಗುತ್ತದೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಭಕ್ತರನ್ನು ಹೊತ್ತು ಹನೂರು, ಕೌದಳ್ಳಿ, ತಾಳಬೆಟ್ಟದ ದಾರಿ ಹಿಡಿಯುವ ಕಾರುಗಳು ಒಂದೆರಡು ಬಗೆಯವಲ್ಲ. ಒಂದು ಡೀಸೆಲಿನದು, ಒಂದು ಪೆಟ್ರೋಲಿನದು. ಒಂದನ್ನು ಹಿಂದಿನ ಚಕ್ರಗಳು ನೂಕುತ್ತವೆ, ಇನ್ನೊಂದನ್ನು ಮುಂದಿನ ಚಕ್ರಗಳು ಎಳೆಯುತ್ತವೆ. ಈಚೆಗೆ ಸದ್ದಿಲ್ಲದೆ ಸರಿದುಹೋಗುವ ವಿದ್ಯುತ್ ಕಾರೂ ನಡುವೆ ಕಾಣಿಸುತ್ತದೆ. ಹೋಗಬೇಕಾದ ಊರು ಒಂದೇ, ಹತ್ತಬೇಕಾದ ಘಟ್ಟ ಒಂದೇ. ಹಾಗಿದ್ದೂ ಗಾಡಿಗಳ ಒಡಲೊಳಗೆ ಇಷ್ಟು ಭೇದವೇಕೆ?

ಈ ಪ್ರಶ್ನೆಗೆ ನಮ್ಮಲ್ಲಿ ಹಲವರು ಕೂಡಲೇ ಕೊಡುವ ಉತ್ತರವೊಂದುಂಟು: ವಿಜ್ಞಾನ ಮುಂದುವರಿಯುತ್ತದೆ, ಎಂಜಿನಿಯರರು ಹಳೆಯದನ್ನು ಬಿಟ್ಟು ಉತ್ತಮವಾದುದನ್ನು ಆರಿಸಿಕೊಳ್ಳುತ್ತಾರೆ ಎಂದು. ಇದು ಅರ್ಧ ಮಾತ್ರ ಸತ್ಯ. ಯಾವ ಯಂತ್ರವನ್ನು ಕಟ್ಟಲು ಸಾಧ್ಯ ಎಂಬುದನ್ನು ಎಂಜಿನಿಯರ್ ಹೇಳುತ್ತಾನೆ. ಯಾವ ಯಂತ್ರವನ್ನು ಕಟ್ಟಬೇಕು ಎಂಬುದನ್ನಾದರೋ ಎದುರಾಳಿಯ ಬೆಲೆಪಟ್ಟಿ, ಸರ್ಕಾರದ ಅಳತೆಗೋಲು ಮತ್ತು ಗಿರಾಕಿಯ ಜೇಬು, ಈ ಮೂರೂ ಕೂಡಿ ನಿರ್ಧರಿಸುತ್ತವೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದುವ ಪೈಪೋಟಿ ಎಂಬ ಮಾತು ಕಾರಿನ ಮುಂಗವಚದ ಕೆಳಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಕೊಳ್ಳೇಗಾಲಕ್ಕೆ ಇಂದಿಗೂ ರೈಲಿಲ್ಲ. ಹನೂರಿನವರಾಗಲಿ ಯಳಂದೂರಿನವರಾಗಲಿ ರಸ್ತೆಯನ್ನೇ ನಂಬಿ ಬದುಕುವವರು. ಆದುದರಿಂದ ಈ ವಿಷಯ ನಮಗೆ ಬರಿಯ ಕುತೂಹಲದ ಸಂಗತಿಯಲ್ಲ.

ಮೊದಲು ಒಂದೆರಡು ಮೂಲ ವಿಷಯಗಳನ್ನು ತಿಳಿದುಕೊಳ್ಳೋಣ. ಶಕ್ತಿ ಹುಟ್ಟುವ ಎಡೆಯಿಂದ ಅದು ಚಕ್ರವನ್ನು ಮುಟ್ಟುವವರೆಗಿನ ಎಲ್ಲ ಅಂಗಗಳನ್ನೂ ಒಟ್ಟಾಗಿ ಚಾಲನ ವ್ಯವಸ್ಥೆ ಎನ್ನಬಹುದು. ಎಂಜಿನ್ ಅಥವಾ ವಿದ್ಯುತ್ ಮೋಟಾರು, ಕ್ಲಚ್ಚು, ಗೇರ್ ಪೆಟ್ಟಿಗೆ, ಶಕ್ತಿಯನ್ನು ಸಾಗಿಸುವ ದಂಡ, ಚಕ್ರದ ಅಚ್ಚು ಇವೆಲ್ಲ ಇದರೊಳಗೆ ಸೇರಿದವು. ಕಾರು ತಯಾರಿಸುವವನ ಮುಂದೆ ಇಲ್ಲಿ ಎರಡು ಮುಖ್ಯ ಪ್ರಶ್ನೆಗಳಿರುತ್ತವೆ. ಶಕ್ತಿಯನ್ನು ಯಾವುದರಿಂದ ಪಡೆಯಬೇಕು, ಪೆಟ್ರೋಲಿನಿಂದಲೋ, ಡೀಸೆಲಿನಿಂದಲೋ, ಬ್ಯಾಟರಿಯಿಂದಲೋ? ಆ ಶಕ್ತಿಯನ್ನು ಯಾವ ಚಕ್ರಕ್ಕೆ ಕೊಡಬೇಕು, ಮುಂದಿನದಕ್ಕೋ, ಹಿಂದಿನದಕ್ಕೋ, ನಾಲ್ಕಕ್ಕೂ ಕೂಡಿಯೋ?

ಎರಡನೆಯ ಪ್ರಶ್ನೆಗೆ ನಮ್ಮ ಘಟ್ಟದ ರಸ್ತೆಯೇ ಒಳ್ಳೆಯ ಪಾಠಶಾಲೆ. ಗಾಡಿ ಏರು ಹತ್ತುವಾಗ ಅದರ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಜನ, ಅದರ ಹಿಂದೆ ಸಾಮಾನು ತುಂಬಿದ್ದರೆ ಇನ್ನಷ್ಟು ವಾಲುತ್ತದೆ. ಭಾರ ಬಿದ್ದ ಚಕ್ರಕ್ಕೆ ನೆಲದ ಹಿಡಿತ ಹೆಚ್ಚು. ಆದುದರಿಂದ ತುಂಬಿದ ಗಾಡಿ ಕಡಿದಾದ ಏರಿನಲ್ಲಿ ಹಿಂದಿನ ಚಕ್ರದಿಂದ ನೂಕಲ್ಪಟ್ಟರೆ ಅನುಕೂಲ. ಮುಂದಿನ ಚಕ್ರ ಎಳೆಯುವ ಗಾಡಿ ಮಣ್ಣು, ಮರಳು, ಮಳೆನೀರು ಇರುವ ಏರಿನಲ್ಲಿ ಒಮ್ಮೊಮ್ಮೆ ಚಕ್ರ ತಿರುಗಿಸಿಕೊಂಡು ನಿಂತುಬಿಡುವುದುಂಟು. ಆದರೆ ಮುಂಚಕ್ರದ ಚಾಲನೆಗೂ ತನ್ನದೇ ಗುಣಗಳಿವೆ. ಎಂಜಿನ್ ಮುಂದೆಯೇ ಇದ್ದು ಚಕ್ರವೂ ಅಲ್ಲೇ ಇರುವುದರಿಂದ ಗಾಡಿಯ ಉದ್ದಕ್ಕೂ ದಂಡ ಹಾಯಿಸಬೇಕಾಗಿಲ್ಲ. ಗಾಡಿ ಹಗುರವಾಗುತ್ತದೆ, ಒಳಗೆ ಕಾಲು ಚಾಚಲು ಸ್ಥಳ ಸಿಗುತ್ತದೆ, ತಯಾರಿಕೆಯ ಖರ್ಚೂ ಕಡಿಮೆ. ಯಾವುದು ಉತ್ತಮ ಎಂದು ಕೇಳಿದರೆ, ಯಾರಿಗೆ ಮತ್ತು ಯಾವ ರಸ್ತೆಗೆ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಪೈಪೋಟಿಯ ಪ್ರಭಾವವನ್ನು ಅರಿಯಬೇಕಾದರೆ ಪೈಪೋಟಿಯೇ ಇಲ್ಲದಿದ್ದ ಕಾಲವನ್ನು ಮೊದಲು ನೋಡುವುದು ಲೇಸು. ಅಂಬಾಸಿಡರ್ ಕಾರನ್ನು ನೋಡದ ಹಿರಿಯರು ನಮ್ಮಲ್ಲಿ ಇರಲಾರರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯನ್ನು ಅನುಸರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು ಬಂಗಾಳದ ಉತ್ತರಪಾಡಾದಲ್ಲಿ 1957-58ರ ಸುಮಾರಿಗೆ ಇದರ ತಯಾರಿಕೆಯನ್ನು ಆರಂಭಿಸಿದರು. ಇದರ ಜೊತೆಗೆ ಮುಂಬಯಿಯಲ್ಲಿ ತಯಾರಾದ ಫಿಯೆಟ್ ಇತ್ತು. ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮೂರಕ್ಕೂ ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಕ್ಕೆ. ಯಾವ ಕಾರ್ಖಾನೆ ಎಷ್ಟು ಗಾಡಿಗಳನ್ನು ತಯಾರಿಸಬೇಕು ಎಂಬುದನ್ನು ಸರ್ಕಾರದ ಪರವಾನಗಿ ಗೊತ್ತುಮಾಡುತ್ತಿತ್ತು. ಕೊಳ್ಳುವವರು ಹಣ ಕಟ್ಟಿ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದರು. ಗಿರಾಕಿ ತಾನಾಗಿ ಬಂದು ಬಾಗಿಲಲ್ಲಿ ಕಾಯುತ್ತಿರುವಾಗ ಹೊಸ ಗೇರ್ ಪೆಟ್ಟಿಗೆಗಾಗಿ ಕೋಟಿಗಟ್ಟಲೆ ಹಣವನ್ನು ಸುರಿಯುವವರು ಯಾರು?

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮಾರಿಸ್ ಆಕ್ಸ್‌ಫರ್ಡನ್ನು ತಯಾರಿಸುತ್ತಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ಅದೇ ಸಂಸ್ಥೆ 1959ರಲ್ಲಿ ತನ್ನ ನಾಡಿನಲ್ಲಿ ಮಿನಿ ಎಂಬ ಪುಟ್ಟ ಕಾರನ್ನು ಹೊರತಂದಿತು. 1956ರ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಯೂರೋಪಿನಲ್ಲಿ ಪೆಟ್ರೋಲಿಗೆ ಅಭಾವ ಬಂದು, ಬಹು ಕಡಿಮೆ ಎಣ್ಣೆಯಲ್ಲಿ ಓಡುವ ಗುಬ್ಬಚ್ಚಿಯಂಥ ಜರ್ಮನ್ ಗಾಡಿಗಳು ಅಲ್ಲಿನ ಪೇಟೆಯನ್ನು ಮುತ್ತಿದ್ದವು. ಅವನ್ನು ಎದುರಿಸಲೆಂದು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ಎಂಜಿನನ್ನು ಅಡ್ಡಲಾಗಿ ತಿರುಗಿಸಿಟ್ಟು, ಅದರ ಅಡಿಯಲ್ಲೇ ಗೇರುಗಳನ್ನು ಅಡಗಿಸಿ, ಮುಂಚಕ್ರಕ್ಕೆ ಚಾಲನೆ ಕೊಟ್ಟನು. ಹತ್ತು ಅಡಿ ಉದ್ದದ ಆ ಗಾಡಿಯಲ್ಲಿ ನಾಲ್ವರು ಕುಳಿತುಕೊಳ್ಳುವಂತಾಯಿತು. ಒಂದೇ ಸಂಸ್ಥೆಯ ಮನೆಯಲ್ಲಿ ಹುಟ್ಟಿದ ಎರಡು ಗಾಡಿಗಳು ಇವು. ಪೈಪೋಟಿ ಇದ್ದ ನಾಡಿನಲ್ಲಿ ಎರಡೇ ವರ್ಷಗಳಲ್ಲಿ ಹೊಸ ಚಾಲನ ವ್ಯವಸ್ಥೆ ಹುಟ್ಟಿತು. ಪೈಪೋಟಿ ಇಲ್ಲದ ನಾಡಿನಲ್ಲಿ ಹಳೆಯದು 2014ರವರೆಗೂ ಉಳಿದುಕೊಂಡಿತು. ಎರಡು ನಾಡುಗಳಲ್ಲೂ ಎಂಜಿನಿಯರರು ಇದ್ದರು. ಎದುರಾಳಿ ಮಾತ್ರ ಒಂದು ನಾಡಿನಲ್ಲಿ ಇದ್ದನು, ಇನ್ನೊಂದರಲ್ಲಿ ಇರಲಿಲ್ಲ.

ಹಾಗೆಂದು ಅಂಬಾಸಿಡರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದಪ್ಪ ತಗಡು, ಎತ್ತರದ ಒಡಲು, ಹಳ್ಳಿಯ ಮೆಕ್ಯಾನಿಕನಿಗೂ ಅರ್ಥವಾಗುವ ಯಂತ್ರ, ಇವು ನಮ್ಮ ರಸ್ತೆಗಳಿಗೆ ಒಪ್ಪುವ ಗುಣಗಳೇ ಆಗಿದ್ದವು. ಆದರೆ ಅದರ ಗುಣವೂ ದೋಷವೂ ಗಿರಾಕಿ ಆರಿಸಿಕೊಂಡದ್ದಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡದ್ದಾಗಿತ್ತು.

1983ನೆಯ ಡಿಸೆಂಬರಿನಲ್ಲಿ ಈ ಶಾಂತಿ ಕದಡಿತು. ಜಪಾನಿನ ಸುಜುಕಿಯ ಸಹಯೋಗದಿಂದ ದೆಹಲಿಯ ಬಳಿಯ ಗುಡಗಾಂವಿನಲ್ಲಿ ಮಾರುತಿ 800 ಹೊರಬಂದಿತು. ಮೂರು ಸಿಲಿಂಡರು, 796 ಘನ ಸೆಂಟಿಮೀಟರ್ ಎಂಜಿನ್, ಮುಂಚಕ್ರದ ಚಾಲನೆ. ಜಪಾನಿನಲ್ಲಿ ಪುಟ್ಟ ಕಾರುಗಳಿಗೆಂದೇ ಸರ್ಕಾರ ಅಳತೆ ಗೊತ್ತುಮಾಡಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತ್ತು. ಆ ಇಕ್ಕಟ್ಟಾದ ಅಂಗಳದಲ್ಲಿ ಹಲವು ಕಾರ್ಖಾನೆಗಳು ಸೆಣಸಿ, ಅಂಗುಲ ಅಂಗುಲವನ್ನೂ ಉಳಿಸುವ ವಿದ್ಯೆಯನ್ನು ಕಲಿತಿದ್ದವು. ಅಂದರೆ ನಮ್ಮ ರಸ್ತೆಗೆ ಬಂದ ಮುಂಚಕ್ರದ ಗಾಡಿ ಪರನಾಡಿನ ಪೈಪೋಟಿಯ ಕೂಸು. ನಮ್ಮ ಗಿರಾಕಿ ಯಾರೂ ಮುಂಚಕ್ರದ ಚಾಲನೆ ಬೇಕೆಂದು ಕೇಳಿರಲಿಲ್ಲ. ಅವನು ಕೇಳಿದ್ದು ಕಡಿಮೆ ಬೆಲೆ, ಹೆಚ್ಚು ಮೈಲೇಜು, ಮನೆಮಂದಿಗೆ ಸ್ಥಳ. ಆ ಮೂರನ್ನೂ ಒಟ್ಟಿಗೆ ಕೊಡುವ ದಾರಿ ತಯಾರಕನಿಗೆ ಅದೊಂದೇ ಆಗಿತ್ತು.

ಅದೇ ಮಾರುತಿ ಸಂಸ್ಥೆ 1984ರಲ್ಲಿ ಹೊರತಂದ ವ್ಯಾನನ್ನು ನೋಡಿ. ಮುಂದೆ ಓಮ್ನಿ ಎಂದು ಹೆಸರಾದ ಆ ಗಾಡಿಗೆ ಅದೇ 796 ಘನ ಸೆಂಟಿಮೀಟರಿನ ಎಂಜಿನನ್ನು ಅವರು ಇಟ್ಟರು. ಆದರೆ ಚಾಲನೆಯನ್ನು ಮಾತ್ರ ಹಿಂದಿನ ಚಕ್ರಕ್ಕೆ ಕೊಟ್ಟರು. ಏಕೆಂದರೆ ವ್ಯಾನು ಹೊರೆ ಹೊರುವ ಗಾಡಿ, ಹೊರೆ ಬೀಳುವುದು ಹಿಂದೆ. ಒಬ್ಬನೇ ತಯಾರಕ, ಒಂದೇ ಎಂಜಿನ್, ಎರಡು ಬಗೆಯ ಗಿರಾಕಿಗಳು, ಆದುದರಿಂದ ಎರಡು ಬಗೆಯ ಚಾಲನೆ. ಮೇಲೆ ಕೇಳಿದ ಮರುಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಇನ್ನು ಇಂಧನದ ವಿಷಯಕ್ಕೆ ಬರೋಣ. ರೈತನ ಪಂಪು, ಲಾರಿ, ಬಸ್ಸುಗಳಿಗಾಗಿ ಸರ್ಕಾರ ಡೀಸೆಲಿನ ಬೆಲೆಯನ್ನು ಬಹುಕಾಲ ಪೆಟ್ರೋಲಿಗಿಂತ ಬಹಳ ಕೆಳಗೆ ಇರಿಸಿತ್ತು. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಿ, ಆ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುತ್ತಾರೆ. ಆ ಒತ್ತಡವನ್ನು ತಾಳಲು ಎಂಜಿನ್ ಭಾರವಾಗಿ, ಬೆಲೆಯೂ ಹೆಚ್ಚಾಗುತ್ತದೆ. ಆದರೆ ಎಣ್ಣೆ ಕಡಿಮೆ ಕುಡಿಯುತ್ತದೆ, ನಿಧಾನದ ಓಟದಲ್ಲೂ ಬಲವಾಗಿ ಎಳೆಯುತ್ತದೆ. ದಿನವೂ ನೂರಾರು ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವನಿಗೆ ಮೊದಲು ಕೊಟ್ಟ ಹೆಚ್ಚು ಬೆಲೆ ಕೆಲವೇ ವರ್ಷಗಳಲ್ಲಿ ಮರಳಿ ಕೈಸೇರುತ್ತಿತ್ತು.

1990ರ ದಶಕದಲ್ಲಿ ಪರವಾನಗಿಯ ಕಟ್ಟು ಸಡಿಲವಾಗಿ ಹೊಸಬರು ಬಂದ ಮೇಲೆ ಈ ಬೆಲೆಯ ಅಂತರವೇ ರಣರಂಗವಾಯಿತು. ಟಾಟಾ ಸಂಸ್ಥೆ 1998ರ ಕೊನೆಯಲ್ಲಿ ಇಂಡಿಕಾ ಎಂಬ ಪುಟ್ಟ ಕಾರನ್ನು ಡೀಸೆಲ್ ಎಂಜಿನಿನೊಡನೆ ತಂದಿತು. ಪೆಟ್ರೋಲ್ ಎಂಜಿನಿನಲ್ಲೇ ಪಳಗಿದ್ದ ಮಾರುತಿಗೆ ಪೈಪೋಟಿಯಲ್ಲಿ ಉಳಿಯಲು ಒಂದು ಒಳ್ಳೆಯ ಡೀಸೆಲ್ ಎಂಜಿನ್ ಬೇಕಾಯಿತು. ಅದನ್ನು ಹೊಸದಾಗಿ ಕಟ್ಟಲು ವರ್ಷಗಳೇ ಬೇಕು. ಆಗ ಇಟಲಿಯ ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನನ್ನು ಪರವಾನಗಿಯ ಮೇಲೆ ಪಡೆದು, 2007ರಲ್ಲಿ ಸ್ವಿಫ್ಟ್ ಕಾರಿಗೆ ಜೋಡಿಸಿದರು. ಸೋಜಿಗವೆಂದರೆ ಅದೇ ಎಂಜಿನ್ ಬೇರೆ ಹೆಸರಿನಲ್ಲಿ ಟಾಟಾ ಕಾರುಗಳಿಗೂ ಬಂದಿತು. ಫಿಯೆಟ್ ತನ್ನ ಕಾರುಗಳಲ್ಲೂ ಅದನ್ನೇ ಇಟ್ಟಿತ್ತು. ಪೇಟೆಯಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೊರಟ ಮೂವರ ಗಾಡಿಯಲ್ಲೂ ಮಿಡಿಯುತ್ತಿದ್ದ ಎದೆ ಒಂದೇ! ಪೈಪೋಟಿ ಎಂದರೆ ಸದಾ ಹೊಸ ಶೋಧನೆ ಎಂದು ನಾವು ಭಾವಿಸುತ್ತೇವೆ. ಅವಸರ ಹೆಚ್ಚಾದಾಗ ಅದು ಎಲ್ಲರನ್ನೂ ಒಂದೇ ಯಂತ್ರದ ಕಡೆಗೆ ಒಯ್ಯುವುದೂ ಉಂಟು.

ಸರ್ಕಾರದ ಅಳತೆಗೋಲು ಇನ್ನೂ ವಿಚಿತ್ರವಾದ ಕೆಲಸಗಳನ್ನು ಮಾಡಿಸುತ್ತದೆ. 2006ರಲ್ಲಿ ನಾಲ್ಕು ಮೀಟರಿಗೆ ಮೀರದ ಉದ್ದವೂ, ಪೆಟ್ರೋಲಾದರೆ 1200 ಮತ್ತು ಡೀಸೆಲಾದರೆ 1500 ಘನ ಸೆಂಟಿಮೀಟರಿಗೆ ಮೀರದ ಎಂಜಿನೂ ಇರುವ ಕಾರುಗಳಿಗೆ ಅಬಕಾರಿ ಸುಂಕವನ್ನು ಇಳಿಸಲಾಯಿತು. ಅಂದಿನಿಂದ ನಮ್ಮ ದೇಶದ ಎಂಜಿನುಗಳು ಆ ಗೆರೆಯ ಒಳಗೆ ಮುದುಡಿ ಕುಳಿತವು. ನಾಲ್ಕು ಮೀಟರಿಗೆ ಮೀರಿದ್ದ ಡಿಸೈರ್ ಕಾರು 2012ರಲ್ಲಿ ಬಾಲವನ್ನು ಕತ್ತರಿಸಿಕೊಂಡು 3995 ಮಿಲಿಮೀಟರಿಗೆ ಇಳಿದು ಬಂದಿತು. ಅದು ಸೌಂದರ್ಯಕ್ಕಾಗಿ ಕತ್ತರಿಸಿದ್ದಲ್ಲ, ಸುಂಕದ ರಿಯಾಯಿತಿಗಾಗಿ. ಎದುರಾಳಿ ಆ ರಿಯಾಯಿತಿಯನ್ನು ಪಡೆದು ಬೆಲೆ ಇಳಿಸಿದಾಗ ತಾನು ಹೊರಗುಳಿದರೆ ಕೆಡುವುದು ತನ್ನ ವ್ಯಾಪಾರವೇ.

ಡೀಸೆಲಿನ ಮೆರೆದಾಟವೂ ಹೀಗೆಯೇ ಮುಗಿಯತೊಡಗಿತು. 2013ರಿಂದ ತಿಂಗಳು ತಿಂಗಳೂ ಡೀಸೆಲಿನ ಬೆಲೆ ಸ್ವಲ್ಪ ಸ್ವಲ್ಪವಾಗಿ ಏರಿ, 2014ರ ಅಕ್ಟೋಬರಿನಲ್ಲಿ ಸರ್ಕಾರ ಬೆಲೆಯ ಹಿಡಿತವನ್ನು ಪೂರ್ತಿಯಾಗಿ ಬಿಟ್ಟಿತು. 2020ರ ಏಪ್ರಿಲ್ 1ರಿಂದ ಹೊಗೆಯ ವಿಷಯದಲ್ಲಿ ಭಾರತ್ ಆರನೆಯ ಹಂತದ ನಿಯಮ ಜಾರಿಗೆ ಬಂದಿತು. ಡೀಸೆಲ್ ಗಾಡಿ ಆ ನಿಯಮವನ್ನು ಪಾಲಿಸಬೇಕಾದರೆ ಮಸಿಯನ್ನು ಸೋಸುವ ಜರಡಿ ಮೊದಲಾದ ದುಬಾರಿ ಉಪಕರಣಗಳು ಬೇಕು. ಚಿಕ್ಕ ಕಾರಿನ ಬೆಲೆಗೆ ಆ ಭಾರವನ್ನು ಹೊರಲಾಗದೆಂದು ಲೆಕ್ಕ ಹಾಕಿ ಮಾರುತಿ ಅದೇ ದಿನದಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಮಹೀಂದ್ರ, ಟೊಯೋಟ, ಹ್ಯುಂಡೈ ಮುಂತಾದವರು ನಿಲ್ಲಿಸಲಿಲ್ಲ. ದೊಡ್ಡ ಗಾಡಿಯ ಹೆಚ್ಚು ಬೆಲೆಯಲ್ಲಿ ಜರಡಿಯ ಖರ್ಚು ಅಡಗಿಹೋಗುತ್ತದೆ. ಅಲ್ಲದೆ ಒಬ್ಬನು ಬಿಟ್ಟುಹೋದ ಹೊಲವನ್ನು ಇನ್ನೊಬ್ಬನು ಉಳುತ್ತಾನೆ. ಒಂದೇ ನಿಯಮ, ಒಂದೇ ಪೇಟೆ, ಆದರೂ ಎರಡು ವಿರುದ್ಧ ನಿರ್ಧಾರಗಳು. ಯಾವ ಬಗೆಯ ಗಿರಾಕಿಯನ್ನು ನಂಬಿಕೊಂಡಿದ್ದಾರೆ ಎಂಬುದರ ಮೇಲೆ ಅವು ನಿಂತಿದ್ದವು.

ಇಷ್ಟು ಹೊತ್ತು ದೂರದ ಊರುಗಳ ಮಾತಾಯಿತು. ಈಗ ನಮ್ಮ ನಾಡಿಗೇ ಬರೋಣ. ನಮ್ಮ ಪಕ್ಕದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ, 1905ರಲ್ಲಿ ಬೆಂಗಳೂರಿಗೂ ಹರಿಯಿತು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಉಗಿ, ಪೆಟ್ರೋಲು, ವಿದ್ಯುತ್ತು ಮೂರೂ ಬಗೆಯ ಕಾರುಗಳು ಸಮಸಮವಾಗಿ ಸ್ಪರ್ಧಿಸುತ್ತಿದ್ದವು. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಸದ್ದಿಲ್ಲ, ಕೈಮುರಿಯುವ ಹ್ಯಾಂಡಲ್ ತಿರುಗಿಸುವ ಕಷ್ಟವೂ ಇಲ್ಲ. ಆದರೆ 1908ರಲ್ಲಿ ಫೋರ್ಡ್ ತಂದ ಅಗ್ಗದ ಟಿ ಮಾದರಿಯ ಎದುರಿಗೆ ಅದರ ಬೆಲೆ ನಿಲ್ಲಲಿಲ್ಲ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ತಿನಿಂದ ಎಂಜಿನ್ ಚಾಲೂ ಮಾಡುವ ಉಪಕರಣ ಬಂದಮೇಲೆ ಪೆಟ್ರೋಲ್ ಕಾರಿನ ದೊಡ್ಡ ಕುಂದೂ ನೀಗಿತು. ಹೀಗೆ ವಿದ್ಯುತ್ತಿನ ಸಣ್ಣದೊಂದು ಸಹಾಯದಿಂದಲೇ ಪೆಟ್ರೋಲು ವಿದ್ಯುತ್ ಕಾರನ್ನು ಸೋಲಿಸಿತು.

ಆ ಸೋತ ಕುದುರೆಯನ್ನು ಮರಳಿ ಓಟಕ್ಕೆ ಇಳಿಸಿದವರಲ್ಲಿ ಬೆಂಗಳೂರಿನವರು ಮೊದಲಿಗರ ಸಾಲಿಗೆ ಸೇರುತ್ತಾರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಮಾತು. ಬೆಂಗಳೂರಿನ ಮೈನಿ ಬಳಗವೂ ಅಮೆರಿಕದ ಅಮೆರಿಗಾನ್ ಸಂಸ್ಥೆಯೂ ಕೂಡಿ 1994ರಲ್ಲಿ ಸ್ಥಾಪಿಸಿದ ಕಂಪನಿಯಿಂದ, ಚೇತನ್ ಮೈನಿ ಅವರ ಮುಂದಾಳುತನದಲ್ಲಿ, 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರು ಹೊರಬಂದಿತು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕೂರಬಹುದಾದ ಪುಟ್ಟ ಗಾಡಿ. ಸೀಸ ಮತ್ತು ಆಮ್ಲದ ಬ್ಯಾಟರಿಗಳು. ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್ ಓಟ. ಯಂತ್ರ ಕೆಲಸ ಮಾಡಿತು. ಪೇಟೆ ಮಾತ್ರ ಒಲಿಯಲಿಲ್ಲ. ಅದೇ ಬೆಲೆಗೆ ಐವರು ಕುಳಿತು ಬೇಕಾದ ಊರಿಗೆ ಹೋಗಬಹುದಾದ ಪೆಟ್ರೋಲ್ ಕಾರು ಸಿಗುತ್ತಿರುವಾಗ ಸಾಮಾನ್ಯನು ರೇವಾವನ್ನು ಏಕೆ ಕೊಂಡಾನು? ಆದರೆ ಲಂಡನ್ನಿನಲ್ಲಿ ಅದಕ್ಕೆ ಬೇರೆಯ ಭಾಗ್ಯ ಕಾದಿತ್ತು. 2003ರಲ್ಲಿ ಆ ನಗರದ ನಡುಭಾಗಕ್ಕೆ ಬರುವ ಕಾರುಗಳ ಮೇಲೆ ದಿನವಹಿ ಸುಂಕ ಹಾಕಿ, ವಿದ್ಯುತ್ ಗಾಡಿಗಳಿಗೆ ವಿನಾಯಿತಿ ಕೊಟ್ಟರು. ಜಿ-ವಿಜ್ ಎಂಬ ಹೆಸರಿನಿಂದ ನಮ್ಮ ರೇವಾ ಅಲ್ಲಿನ ಬೀದಿಗಳಲ್ಲಿ ಪರಿಚಿತವಾಯಿತು. ಗಾಡಿ ಒಂದೇ, ಅದನ್ನು ಅಳೆದ ಕೋಲು ಬೇರೆ. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಓ ಕಾರನ್ನು ತಂದಿತು. ಅದೂ ಹೆಚ್ಚು ಕಾಲ ಬಾಳಲಿಲ್ಲ.

ರೇವಾದ ಕೊರತೆ ಎದುರಾಳಿಯಿಂದಲ್ಲ, ಎದುರಾಳಿ ಇಲ್ಲದಿದ್ದುದರಿಂದ ಬಂದದ್ದು ಎಂದರೆ ವಿಚಿತ್ರವೆನಿಸಬಹುದು. ಒಂಟಿ ಕಂಪನಿ ಒಂದು ಹೊಸ ಬಗೆಯ ಗಾಡಿಯನ್ನು ಮಾರುವಾಗ ಬ್ಯಾಟರಿ ಅಗ್ಗವಾಗುವುದಿಲ್ಲ, ಚಾರ್ಜ್ ಮಾಡುವ ಕೇಂದ್ರಗಳು ಏಳುವುದಿಲ್ಲ, ಮೆಕ್ಯಾನಿಕರು ಕಲಿಯುವುದಿಲ್ಲ. ಹಲವರು ಸೆಣಸಿದಾಗಲೇ ಇವೆಲ್ಲ ಬರುತ್ತವೆ. 2020ರ ಆರಂಭದಲ್ಲಿ ಟಾಟಾ ಸಂಸ್ಥೆ ನೆಕ್ಸಾನ್ ವಿದ್ಯುತ್ ಕಾರನ್ನು ತಂದು ಗೆಲುವು ಕಂಡಿತು. ಎಂ.ಜಿ., ಮಹೀಂದ್ರ, ಹ್ಯುಂಡೈ ಮೊದಲಾದವರೂ ಈ ಕಣದಲ್ಲಿ ಸೆಣಸಿದರು. ಬೆಂಗಳೂರು ಬಿತ್ತಿದ ಬೀಜ ಬೇರೆಯವರ ಹೊಲದಲ್ಲಿ ಫಲಿಸಿತು.

ಬೆಂಗಳೂರಿನಿಂದ ಮೈಸೂರಿಗೆ ಬರುವ ಹಾದಿಯಲ್ಲಿ ಬಿಡದಿಯನ್ನು ಕಂಡವರು ಅಲ್ಲಿನ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯನ್ನೂ ಕಂಡಿರುತ್ತಾರೆ. 1997ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2000ದಲ್ಲಿ ಕ್ವಾಲಿಸ್ ಗಾಡಿಯನ್ನೂ, 2005ರಲ್ಲಿ ಇನ್ನೋವವನ್ನೂ ಪೇಟೆಗೆ ಬಿಟ್ಟಿತು. ಎರಡೂ ಗಟ್ಟಿ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿದ, ಹಿಂಚಕ್ರದ ಚಾಲನೆಯ ಗಾಡಿಗಳು. ನಮ್ಮ ಭಾಗದ ಟ್ಯಾಕ್ಸಿಯವರಿಗೆ ಇವು ಎಷ್ಟು ಪ್ರಿಯವೆಂಬುದನ್ನು ಹೇಳಬೇಕಾಗಿಲ್ಲ. 2015ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿ ಪ್ರದೇಶದಲ್ಲಿ 2000 ಘನ ಸೆಂಟಿಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಯಿತು. ತಡೆ 2016ರ ಆಗಸ್ಟಿನವರೆಗೆ ಇತ್ತು. ಆ ಎಂಟು ತಿಂಗಳಲ್ಲಿ ಏನಾಯಿತೆಂಬುದು ನಮ್ಮ ವಿಷಯಕ್ಕೆ ಒಂದು ಉತ್ತಮ ದೃಷ್ಟಾಂತ. ಮಹೀಂದ್ರ ಒಂದೇ ತಿಂಗಳಲ್ಲಿ ತನ್ನ ಎಂಜಿನನ್ನು 1990 ಘನ ಸೆಂಟಿಮೀಟರಿಗೆ ಕುಗ್ಗಿಸಿ ಗೆರೆಯ ಕೆಳಗೆ ನುಸುಳಿತು. ಟೊಯೋಟ ಇನ್ನೋವಕ್ಕೆ 2.7 ಲೀಟರಿನ ಪೆಟ್ರೋಲ್ ಎಂಜಿನನ್ನು ಅಳವಡಿಸಿತು. ತೊಂದರೆ ಒಂದೇ, ಒಬ್ಬನು ಅಳತೆಯನ್ನು ಬದಲಿಸಿದ, ಇನ್ನೊಬ್ಬನು ಇಂಧನವನ್ನು ಬದಲಿಸಿದ.

ಈ ಪೆಟ್ಟಿನ ನೆನಪು ಮಾಸದೆ ಇರಲಿಕ್ಕಿಲ್ಲ. 2022ರ ಕೊನೆಯಲ್ಲಿ ಬಿಡದಿಯಿಂದ ಇನ್ನೋವ ಹೈಕ್ರಾಸ್ ಹೊರಬಂದಿತು. ಹೆಸರು ಇನ್ನೋವ, ಒಳಗಿನದೆಲ್ಲ ಬೇರೆ. ಡೀಸೆಲ್ ಇಲ್ಲ, ಪೆಟ್ರೋಲ್ ಎಂಜಿನೂ ವಿದ್ಯುತ್ ಮೋಟಾರೂ ಕೂಡಿ ಓಡಿಸುವ ಹೈಬ್ರಿಡ್ ವ್ಯವಸ್ಥೆ. ಗಟ್ಟಿ ಚೌಕಟ್ಟಿಲ್ಲ, ಚಾಲನೆ ಮುಂಚಕ್ರಕ್ಕೆ. ನಗರದಲ್ಲಿ ನಿಂತು ನಿಂತು ಸಾಗುವ ಗಾಡಿ ಬ್ರೇಕು ಹಾಕಿದಾಗಲೆಲ್ಲ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ಸೇರಿಸಿಕೊಂಡು ಮತ್ತೆ ಬಳಸುವುದರಿಂದ ಎಣ್ಣೆ ಉಳಿಯುತ್ತದೆ. ಹೀಗಾದರೆ ಹಳೆಯ ಡೀಸೆಲ್ ಇನ್ನೋವ ಮುಗಿಯಿತೆಂದೇ ಹಲವರು ತಿಳಿದರು. ಅದರ ಬುಕಿಂಗೂ ಕೆಲವು ತಿಂಗಳು ನಿಂತಿತ್ತು. ಆದರೆ 2023ರ ಆರಂಭದಲ್ಲಿ ಕ್ರಿಸ್ಟಾ ಎಂಬ ಆ ಡೀಸೆಲ್, ಹಿಂಚಕ್ರದ ಗಾಡಿ ಮರಳಿ ಬಂದಿತು. ಹೀಗೆ ಒಂದೇ ಕಾರ್ಖಾನೆಯಲ್ಲಿ ಒಂದೇ ಹೆಸರಿನ ಎರಡು ವಿರುದ್ಧ ಗಾಡಿಗಳು ತಯಾರಾದವು. ನಗರದ ಕುಟುಂಬಕ್ಕೆ ಒಂದು; ಹೊರೆ ಹೊತ್ತು ದೂರ ಓಡುವ, ಘಟ್ಟ ಹತ್ತುವ ಟ್ಯಾಕ್ಸಿಯವನಿಗೆ ಇನ್ನೊಂದು. ಓಮ್ನಿಯ ಕಥೆ ದೊಡ್ಡ ಗಾತ್ರದಲ್ಲಿ ಪುನಃ ನಡೆಯಿತು. ಇದೇ ಬಿಡದಿಯಲ್ಲಿ 2022ರಿಂದ ಟೊಯೋಟದ ಹೈರೈಡರ್ ಮಾತ್ರವಲ್ಲದೆ ಅದರದೇ ಅಚ್ಚಿನ, ಮಾರುತಿಯ ಹೆಸರಿನ ಗ್ರ್ಯಾಂಡ್ ವಿಟಾರವೂ ತಯಾರಾಯಿತು. ಹೈಬ್ರಿಡ್ ವಿದ್ಯೆಯ ಖರ್ಚನ್ನು ಒಬ್ಬರೇ ಹೊರುವುದಕ್ಕಿಂತ ಎದುರಾಳಿಯ ಹೆಗಲಿಗೂ ಅರ್ಧ ಹಂಚುವುದು ಲಾಭವೆಂದು ಇಬ್ಬರೂ ಕಂಡುಕೊಂಡರು.

ತೆರಿಗೆಯ ಲೆಕ್ಕವನ್ನೂ ಇಲ್ಲಿ ಹೇಳಬೇಕು. 2019ರ ಆಗಸ್ಟಿನಿಂದ ವಿದ್ಯುತ್ ಕಾರಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡ 5 ಮಾತ್ರ. ದೊಡ್ಡ ಹೈಬ್ರಿಡ್ ಕಾರಿನ ಮೇಲೆ ಉಪಕರವೂ ಸೇರಿ ಶೇಕಡ 43 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40ಕ್ಕೆ ಬಂದಿತು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು 2017ರಲ್ಲಿ ಮೊದಲು ರೂಪಿಸಿದ ರಾಜ್ಯ ನಮ್ಮ ಕರ್ನಾಟಕ. ಹೈಬ್ರಿಡ್ ಕಟ್ಟುವವರು ತಮಗೂ ರಿಯಾಯಿತಿ ಬೇಕೆನ್ನುತ್ತಾರೆ; ವಿದ್ಯುತ್ ಕಾರಿಗೆ ಹಣ ಹೂಡಿದವರು ಕೊಡಬಾರದೆನ್ನುತ್ತಾರೆ. ಪೈಪೋಟಿ ಅಂಗಡಿಯಲ್ಲಿ ಮಾತ್ರವೇ ನಡೆಯುವುದಿಲ್ಲ, ನಿಯಮ ಬರೆಯುವ ಮೇಜಿನ ಸುತ್ತಲೂ ನಡೆಯುತ್ತದೆ.

ಇದರಿಂದ ನಮಗೇನು? ಹನೂರಿನ ಒಬ್ಬ ಟ್ಯಾಕ್ಸಿ ಮಾಲೀಕನನ್ನು ಊಹಿಸಿಕೊಳ್ಳೋಣ. ಅವನು ಸಾಲ ಮಾಡಿ ಗಾಡಿ ಕೊಳ್ಳುತ್ತಾನೆ. ಐದಾರು ವರ್ಷ ಕಂತು ಕಟ್ಟುತ್ತಾನೆ. ಆ ಅವಧಿಯಲ್ಲಿ ಡೀಸೆಲಿನ ಬೆಲೆ ಏರಬಹುದು, ನಿಯಮ ಬದಲಾಗಬಹುದು, ಆ ಎಂಜಿನಿನ ತಯಾರಿಕೆಯೇ ನಿಲ್ಲಬಹುದು. ತಯಾರಕನು ಒಂದು ಎಂಜಿನನ್ನು ಕೈಬಿಟ್ಟರೆ ಇನ್ನೊಂದನ್ನು ಹಿಡಿಯಬಲ್ಲ; ಅವನ ಬಳಿ ಹತ್ತು ಮಾದರಿಗಳಿವೆ. ಟ್ಯಾಕ್ಸಿಯವನ ಬಳಿ ಇರುವುದು ಒಂದೇ ಗಾಡಿ. ಸ್ಪರ್ಧೆಯ ಸೋಲು ಗೆಲುವುಗಳ ಭಾರ ಕೊನೆಗೆ ಇಳಿಯುವುದು ಇಂಥವನ ಹೆಗಲ ಮೇಲೆ. ಇದಲ್ಲದೆ ನಮ್ಮಂಥ ತಾಲ್ಲೂಕುಗಳಲ್ಲಿ ಹಲವರು ಕೊಳ್ಳುವುದು ನಗರದವರು ಬಳಸಿ ಮಾರಿದ ಗಾಡಿಯನ್ನು. ತಯಾರಕನು ಕೇಳಿಸಿಕೊಳ್ಳುವುದು ಹೊಸ ಗಾಡಿ ಕೊಳ್ಳುವವನ ಮಾತನ್ನು. ನಗರದವನ ಆಯ್ಕೆಯೇ ಐದು ವರ್ಷದ ಮೇಲೆ ನಮ್ಮ ಊರಿನ ಆಯ್ಕೆಯಾಗುತ್ತದೆ. ಪೈಪೋಟಿಗೆ ಕಿವಿ ಚುರುಕು ನಿಜ; ಆದರೆ ಅದು ಎಲ್ಲರ ಮಾತನ್ನೂ ಸಮನಾಗಿ ಕೇಳಿಸಿಕೊಳ್ಳುವುದಿಲ್ಲ.

ಹಾಗೆಂದು ಹೊಸತನ್ನು ಕಂಡು ಅಂಜಬೇಕಾಗಿಲ್ಲ. ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಜನರೂ ಸೇರಿ 1500 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಅದು ಬಿಟ್ಟುಕೊಡುವ ಶಕ್ತಿ ಸುಮಾರು 2 ಯೂನಿಟ್ ವಿದ್ಯುತ್ತಿಗೆ ಸಮ. ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ಇದು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಇಳಿಯುವಾಗ ಮೋಟಾರೇ ಜನರೇಟರಾಗಿ ಅದರ ಒಳ್ಳೆಯ ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ, ಬ್ರೇಕೂ ಕಾಯುವುದಿಲ್ಲ. ಏರುವಾಗಲೂ ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯುತ್ತದೆ. ಬೆಟ್ಟದ ರಸ್ತೆಗೆ ಇದಕ್ಕಿಂತ ಒಪ್ಪುವ ಗುಣ ಯಾವುದು? ಮಹದೇಶ್ವರ ಬೆಟ್ಟಕ್ಕೂ, ಯಳಂದೂರಿನಿಂದ ಹತ್ತುವ ಬಿಳಿಗಿರಿರಂಗನ ಬೆಟ್ಟಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಅದನ್ನು ಕೊಳ್ಳುವ ಮುನ್ನ ಮಾಲೀಕನು ಕೇಳಬೇಕಾದ ಪ್ರಶ್ನೆಗಳೂ ಇವೆ. ದಾರಿಯಲ್ಲಿ ಎಲ್ಲಿ ಚಾರ್ಜ್ ಮಾಡುವುದು? ಬ್ಯಾಟರಿಯ ಭರವಸೆ ಎಷ್ಟು ವರ್ಷ? ಕೆಟ್ಟರೆ ರಿಪೇರಿ ಯಾವ ಊರಿನಲ್ಲಿ? ಐದು ವರ್ಷದ ಮೇಲೆ ಅದನ್ನು ಯಾರು ಕೊಳ್ಳುತ್ತಾರೆ?

ಬೆಟ್ಟಕ್ಕೆ ಯೋಗ್ಯವಾದ ಗಾಡಿ ಇದೆಯೇ ಎಂಬುದು ವಿಜ್ಞಾನದ ಪ್ರಶ್ನೆ. ಅದು ಬೆಟ್ಟದವನ ಕೈಗೆ ಎಟಕುವ ಬೆಲೆಗೆ ಬರುತ್ತದೆಯೇ ಎಂಬುದು ಪೇಟೆಯ ಪ್ರಶ್ನೆ. ಚಾರ್ಜ್ ಕೇಂದ್ರ, ತೆರಿಗೆ, ಸಾಲದ ಬಡ್ಡಿ ಇವು ಸಾರ್ವಜನಿಕರು ಕೇಳಿ ಪಡೆಯಬೇಕಾದ ಸಂಗತಿಗಳು. ಲಂಡನ್ನಿನ ಒಂದು ಸುಂಕ ಬೆಂಗಳೂರಿನ ಕಾರಿಗೆ ಬಾಳು ಕೊಟ್ಟಿತೆಂಬುದನ್ನು ಕಂಡೆವು. ಹಾಗಿರುವಾಗ ಘಟ್ಟದ ರಸ್ತೆಯ ಟ್ಯಾಕ್ಸಿಗಳಿಗೆಂದು ನಮ್ಮ ತಾಲ್ಲೂಕುಗಳು ಒಂದು ಸೌಲಭ್ಯವನ್ನು ಕೇಳಿದರೆ ಪೈಪೋಟಿಯ ಕಿವಿ ಇತ್ತ ತಿರುಗದೆ ಇರದು. ಪೇಟೆಗೆ ತನ್ನಷ್ಟಕ್ಕೆ ದಿಕ್ಕಿಲ್ಲ. ಕೊಳ್ಳುವವರೂ ಕಾನೂನು ಮಾಡುವವರೂ ಕೊಟ್ಟ ದಿಕ್ಕಿಗೆ ಅದು ಓಡುತ್ತದೆ. ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ, ವಾಣಿಜ್ಯ, ರಾಜ್ಯಶಾಸ್ತ್ರ ಓದುವ ಮಿತ್ರರು ಮುಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಟಾಗ ಗಾಡಿಯ ಚಾಲಕನ ಪಕ್ಕದಲ್ಲಿ ಕುಳಿತು, ಈ ಗಾಡಿಯನ್ನೇ ಏಕೆ ಕೊಂಡಿರಿ ಎಂದು ಒಮ್ಮೆ ಕೇಳಿ ನೋಡಲಿ. ಪುಸ್ತಕದಲ್ಲಿ ಇಲ್ಲದ ಅರ್ಥಶಾಸ್ತ್ರದ ಪಾಠವೊಂದು ತಾಳಬೆಟ್ಟ ದಾಟುವುದರೊಳಗೆ ದೊರೆತೀತು.